32 ಕ್ಲಿಕ್ಕಿಗೆ ಮರುಳಾಗಿ 62,000 ಕಳಕೊಂಡಿದ್ದು

ಕಾರಿನ ಎತ್ತರ ಇಳಿಸ್ಬೇಕು ಅಂತ ಕಾಯಿಲೋವರ್ (ಶಾಕ್ ಅಬ್ಸಾರ್ಬರ್ ಸುತ್ತ ಸ್ಪ್ರಿಂಗ್ ಕೂರಿಸಿ, ಎತ್ತರ ಬದಲಾಯಿಸೋ ಹಾಗೆ ಮಾಡಿದ ಸೆಟ್ಟು) ಹುಡುಕ್ತಾ ಇರೋರು ದುಡ್ಡು ಕಳಿಸೋಕೆ ಮುಂಚೆ ಇದನ್ನ ಓದ್ಕೊಂಡು ಬಿಡಿ. ಅದರಲ್ಲೂ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆಯವರು. ನಾನು 62,000 ಸುರಿದು ಹಾಕಿಸಿದ ಸೆಟ್ಟು ಒಂದು ಮಳೆಗಾಲ ದಾಟಲಿಲ್ಲ.

ನಂದು 2014ರ ಸ್ವಿಫ್ಟ್. ಕಂಪನಿ ಲೆಕ್ಕದಲ್ಲಿ ನೆಲದಿಂದ 170 ಮಿ.ಮೀ. ಎತ್ತರ. ನಾನು ಇಳಿಸಿದ್ದು 50. ಉಳಿದಿದ್ದು 120, ಅದೂ ಖಾಲಿ ಗಾಡಿಗೆ. ರಸ್ತೆ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರ್ಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆ ಕೊಟ್ಟಿದೆ. ಆಲ್ದೂರು ದಾರೀಲಿ ಟೇಪು ಹಿಡಿದು ನೋಡಿ, ಆ ಅಳತೆ ಯಾವ ಹಂಪಿಗೂ ಗೊತ್ತಿಲ್ಲ. ಹಂಪು ಬಂದಾಗೆಲ್ಲ ಹಿಂದೆ ಕೂತೋರನ್ನ ಇಳಿಸಿ, ಗಾಡೀನ ಓರೆಯಾಗಿ ಏರಿಸಿ, ಆಮೇಲೆ ಹತ್ತಿಸ್ಕೊಳ್ಳೋದು. ನಮ್ಮಪ್ಪ ಎರಡು ಸಲ ಇಳಿದ್ರು, ಮೂರನೇ ಸಲ ಬಸ್ಸಿಗೆ ಹೋದ್ರು. ಇದನ್ನೆಲ್ಲ ನಾನು ದೂರು ಅಂತ ಹೇಳ್ತಿಲ್ಲ, ಗೊತ್ತಿದ್ದೇ ಇಳಿಸಿದ್ದು.

ಗೊತ್ತಿಲ್ಲದೆ ಕೆಟ್ಟಿದ್ದು ಬೇರೆ. ಮಾರಿದವನು ಫೋನಲ್ಲಿ ಹೇಳಿದ್ದೆಲ್ಲ 32 ಕ್ಲಿಕ್ ಡ್ಯಾಂಪಿಂಗ್ (ಶಾಕು ಎಷ್ಟು ಬಿಗಿ ಇರ್ಬೇಕು ಅಂತ 32 ಹಂತದಲ್ಲಿ ತಿರುಗಿಸಿ ಹೊಂದಿಸೋದು), ಮೇಲೆ ಶಾಕನ್ನ ಗಾಡಿಗೆ ಹಿಡಿಸೋ ಪಿಲ್ಲೋಬಾಲ್ ಮೌಂಟು, ಎತ್ತರ ಹೊಂದಿಸೋ ಬಣ್ಣದ ಕಾಲರ್. ನಾನು ಕೇಳಿದ್ದೂ ಅಷ್ಟನ್ನೇ. ಶಾಕಿನ ಒಳಗೆ ಎಷ್ಟು ಸ್ಟ್ರೋಕ್, ಅಂದ್ರೆ ಶಾಫ್ಟ್ ಓಡಾಡೋಕೆ ಎಷ್ಟು ಜಾಗ, ಉಳಿಯುತ್ತೆ ಅನ್ನೋ ಪ್ರಶ್ನೆ ಬಾಯಿಗೇ ಬರಲಿಲ್ಲ.

ಎತ್ತರ ಇಳಿಸೋಕೆ ಎರಡು ದಾರಿ ಇದೆ. ಒಂದು, ಶಾಕಿನ ಬಾಡೀನೇ ಕೆಳಗಿನ ಬ್ರಾಕೆಟ್ ಒಳಗೆ ತಿರುಗಿಸಿ ಇಳಿಸೋದು. ಇದರಲ್ಲಿ ಸ್ಟ್ರೋಕ್ ಹಾಗೇ ಉಳಿಯುತ್ತೆ. ಇನ್ನೊಂದು, ಸ್ಪ್ರಿಂಗ್ ಕೂರೋ ತಟ್ಟೆಯನ್ನ ಮಾತ್ರ ಕೆಳಗೆ ತರೋದು. ಆಗ ಗಾಡಿ ನಿಂತಲ್ಲೇ ಶಾಕು ಅರ್ಧ ಒತ್ತಿಕೊಂಡಿರುತ್ತೆ. ಗುಂಡಿಗೆ ಬಿದ್ರೆ ಮೇಲೆ ಹೋಗೋಕೆ ಜಾಗವೇ ಇಲ್ಲ. ನನಗೆ ಬಂದಿದ್ದು ಎರಡನೇದು. ಫಿಟ್ ಮಾಡಿದ ಹುಡುಗ ಶಾಕು ಪೂರ್ತಿ ಒತ್ತಿದಾಗ ಲೋಹಕ್ಕೆ ಲೋಹ ಹೊಡೆಯದ ಹಾಗೆ ತಡೆಯೋ ಬಂಪ್ ಸ್ಟಾಪ್ ರಬ್ಬರನ್ನ ಬ್ಲೇಡಲ್ಲಿ ಅರ್ಧಕ್ಕೆ ಕೊಯ್ದು, "ಈಗ ಜಾಗ ಆಯ್ತಲ್ಲ ಸಾರ್" ಅಂದ. ಆಗಲೇ ಕೆಲಸ ನಿಲ್ಲಿಸಿ, ಗಾಡಿ ವಾಪಸ್ ಕೊಡಿ ಅಂತ ನಾನು ಹೇಳ್ಬೇಕಿತ್ತು. ಹಿಂದೆ ಅಂತೂ ಅದು ಕಾಯಿಲೋವರೇ ಅಲ್ಲ. ಸ್ವಿಫ್ಟಿಗೆ ಹಿಂದೆ ಟಾರ್ಷನ್ ಬೀಮ್ (ಎರಡೂ ಹಿಂದಿನ ಚಕ್ರ ಜೋಡಿಸೋ ತೊಲೆ), ಸ್ಪ್ರಿಂಗೇ ಬೇರೆ, ಶಾಕೇ ಬೇರೆ. ಹೆಸರು ಮಾತ್ರ ನಾಲ್ಕಕ್ಕೂ ಒಂದೇ.

ಫೆಬ್ರವರೀಲಿ ಹಾಕಿಸಿದ್ದು. ಕಡೂರು ಕಡೆ ನೇರ ರಸ್ತೇಲಿ ಗಾಡಿ ನೆಲಕ್ಕೆ ಅಂಟಿಕೊಂಡು ಓಡ್ತಿತ್ತು, ಸುಳ್ಳು ಹೇಳಲ್ಲ. ಏಪ್ರಿಲ್‌ಗೆ ಸ್ಟೇರಿಂಗ್ ತಿರುಗಿಸಿದಾಗೆಲ್ಲ ಮುಂದಿನಿಂದ ಟಕ್ ಟಕ್. ಪಿಲ್ಲೋಬಾಲ್ ಅಂದ್ರೆ ಲೋಹದೊಳಗೆ ಲೋಹದ ಗುಂಡು, ಮಧ್ಯೆ ರಬ್ಬರ್ ಇಲ್ಲ, ಮಣ್ಣು ಹೊಕ್ಕರೆ ಬೇಗ ಸಡಿಲ. ರೇಸ್ ಟ್ರ್ಯಾಕಿಗೆ ಸರಿ ಇರ್ಬಹುದು, ತೋಟದ ದಾರಿಗಲ್ಲ. ಚಕ್ರ ಗುಂಡಿಗೆ ಇಳಿದಾಗ ಸ್ಪ್ರಿಂಗು ಸಡಿಲವಾಗಿ ಮತ್ತೆ ಕೂರುವಾಗ ಠಣ್ ಅನ್ನೋದು ಬೇರೆ, ಯಾಕಂದ್ರೆ ಆಗ ದೊಡ್ಡ ಸ್ಪ್ರಿಂಗನ್ನ ಜಾಗದಲ್ಲೇ ಹಿಡಿಯೋ ಚಿಕ್ಕ ಹೆಲ್ಪರ್ ಸ್ಪ್ರಿಂಗ್ ಕೊಟ್ಟಿರಲಿಲ್ಲ. ಕ್ಲಿಕ್ಕು? ಹತ್ತಾದ ಮೇಲೆ ಇಪ್ಪತ್ತಕ್ಕೂ ಮೂವತ್ತಕ್ಕೂ ನನ್ನ ಸೊಂಟಕ್ಕೆ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ.

ಆಗಸ್ಟಲ್ಲಿ ಕೊಟ್ಟಿಗೆಹಾರದಿಂದ ವಾಪಸ್ ಬರ್ತಾ ಇದ್ದೆ. ಜಡಿಮಳೆ. ಬಣಕಲ್ ದಾಟಿದ ಮೇಲೆ ಮುಂದಿನ ಎಡಗಡೆ ದೋಣಿ ಥರ ತೂಗೋಕೆ ಶುರುವಾಯ್ತು. ಒಂದು ಗುಂಡಿಗೆ ನಾಲ್ಕು ಕುಣಿತ. ಬ್ರೇಕ್ ಒತ್ತಿದ್ರೆ ಮೂತಿ ಎಡಕ್ಕೆ ಎಳೀತಿತ್ತು. 30ರಲ್ಲಿ ಉಸಿರು ಬಿಗಿಹಿಡಿದು ಮನೆ ಸೇರಿದೆ.

ಮಾರನೇ ದಿನ ಕೆ.ಎಂ. ರಸ್ತೆಯ ಗ್ಯಾರೇಜಲ್ಲಿ ಗಾಡಿ ಎತ್ತಿ ಚಕ್ರ ಬಿಚ್ಚಿದ್ರು. ಧೂಳು ತಡೆಯೋ ರಬ್ಬರ್ ಚೀಲ ಹರಿದು ಬಳೆ ಥರ ಕೆಳಗೆ ಬಿದ್ದಿತ್ತು. ಶಾಫ್ಟಿನ ಸುತ್ತ ಎಣ್ಣೆ, ಅದಕ್ಕೆ ಮೆತ್ತಿದ ಕೆಮ್ಮಣ್ಣು, ಫಿಲ್ಟರಿನ ತಳದಲ್ಲಿ ಉಳಿಯೋ ಕಾಫಿ ಚರಟ ನೋಡಿದ ಹಾಗಿತ್ತು. ಒರೆಸಿ ಉಗುರು ಆಡಿಸಿದ್ರೆ ಕ್ರೋಮ್ ಮೇಲೆ ಉದ್ದುದ್ದ ಗೀರು ಸಿಕ್ತಿತ್ತು. ಶಾಫ್ಟ್ ಗೀರಾದ ಮೇಲೆ ಎಣ್ಣೆ ತಡೆಯೋ ಸೀಲ್ ಹೊಸದು ಹಾಕಿದ್ರೂ ಉಳಿಯಲ್ಲ. ಸ್ವಲ್ಪ ಎತ್ತರಿಸೋಣ ಅಂತ ಸಿ-ಸ್ಪ್ಯಾನರ್ ಹಾಕಿದ್ರೆ ಕಾಲರ್ ಕದಲಲೇ ಇಲ್ಲ. ಕಬ್ಬಿಣದ ಬಾಡಿಗೆ ಅಲ್ಯೂಮಿನಿಯಂ ಕಾಲರು, ನಡುವೆ ನಮ್ಮ ಮಳೆ ನೀರು. ಎರಡೂ ತಿಂದುಕೊಂಡು ಒಂದಾಗಿಬಿಟ್ಟಿದ್ವು. ಜೊತೆಗೆ ಟೈರಿನ ಒಳ ಅಂಚು ತಂತಿ ಕಾಣೋಷ್ಟು ಸವೆದಿತ್ತು. ಅದು ನನ್ನ ತಪ್ಪು. ಇಳಿಸಿದ ಮೇಲೆ ಸ್ಪ್ರಿಂಗ್ ಕೂರೋಕೆ ಬಿಟ್ಟು ಮತ್ತೆ ಅಲೈನ್‌ಮೆಂಟ್ ಮಾಡಿಸ್ಬೇಕಿತ್ತು, ಮಾಡಿಸಿರಲಿಲ್ಲ.

ಮಾರಿದವನಿಗೆ ಫೋನ್ ಮಾಡಿದೆ. "ರೋಡ್ ಕಂಡೀಷನ್ನಿಗೆ ವಾರಂಟಿ ಬರಲ್ಲ ಬ್ರೋ." ಒಂದೇ ಒಂದು ಶಾಕು ಕೊಡು ಅಂದೆ. ಬಿಡಿ ಬರಲ್ಲ, ಸೆಟ್ಟೇ ತಗೋಬೇಕು. ಸೀಲ್ ಕಿಟ್? ಇಲ್ಲ.

ಹಾಗಾಗಿ ನೀವು ಮೊದಲು ಕೇಳ್ಬೇಕಾದ್ದು ಇದನ್ನೇ: ಒಂಟಿ ಶಾಕಿಗೆ ಎಷ್ಟು, ಸೀಲ್ ಸಿಗುತ್ತಾ, ರೀಬಿಲ್ಡ್ ಮಾಡೋರು ಯಾವ ಊರಲ್ಲಿದ್ದಾರೆ. ಉತ್ತರ ತಡವರಿಸಿದ್ರೆ ಫೋನ್ ಇಡಿ. ಡ್ಯಾಂಪರ್ ಡೈನೋ ಶೀಟ್ (ಶಾಕನ್ನ ಯಂತ್ರದಲ್ಲಿ ಅಳೆದ ಪಟ್ಟಿ) ಇದ್ರೆ ಕಳಿಸು ಅನ್ನಿ, ಕ್ಲಿಕ್ಕಿನ ಬಂಡವಾಳ ಅದರಲ್ಲೇ ಗೊತ್ತಾಗುತ್ತೆ. ನಮ್ಮ ಮಳೆಗೆ ಸ್ಟೇನ್‌ಲೆಸ್ ಬಾಡಿ ಬೇಕು. ಕೆಡಬ್ಲ್ಯೂ ಥರದ ಜರ್ಮನ್ ಕಂಪನಿಯವರು ಮಾಡ್ತಾರೆ, ಬೆಲೆ ಕೇಳಿದ್ರೆ ನನ್ನ ಹಾಗೆ ಸುಮ್ಮನಾಗ್ತೀರಿ. ಮೌಂಟು ರಬ್ಬರಿಂದೇ ಇರಲಿ. ಹಾಕಿಸಿದ ದಿನವೇ ಶಾಫ್ಟಿಗೆ ಒಂದು ಕೇಬಲ್ ಟೈ ಬಿಗಿದು ಎರಡು ದಿನ ಓಡಿಸಿ. ಅದು ಬಂಪ್ ಸ್ಟಾಪ್ ತನಕ ತಳ್ಳಿಕೊಂಡು ಹೋಗಿದ್ರೆ ಗಾಡಿ ಎತ್ತರಿಸಿ, ಇನ್ನೊಬ್ಬರ ಮಾತು ಕೇಳ್ಬೇಡಿ. ಎಂಟು ರೂಪಾಯಿ ಪ್ಲಾಸ್ಟಿಕ್ಕು ನನಗೆ ಫೆಬ್ರವರೀಲೇ ಎಲ್ಲ ಹೇಳ್ತಿತ್ತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬೇರೆ ಇದೆ, ಆರ್‌ಸಿಯಲ್ಲಿರೋ ವಿವರ ಕಂಪನಿ ಮೊದಲು ಕೊಟ್ಟಿದ್ದಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. ಅಪಘಾತ ಆಗಿ ವಿಮೆಯವರು ಬಂದಾಗ ಅದು ನೆನಪಾದ್ರೆ ಪ್ರಯೋಜನ ಇಲ್ಲ.

ಈಗ ಹಳೇ ಸ್ಟಾಕ್ ಸಸ್ಪೆನ್ಷನ್ ಮೇಲೆ ಓಡ್ತಿದ್ದೀನಿ, ಅಪ್ಪ ಮತ್ತೆ ಕಾರು ಹತ್ತಿದ್ದಾರೆ. ಸೆಟ್ಟು ಗೋಡೌನಲ್ಲಿ ಕಾಫಿ ಚೀಲದ ಪಕ್ಕ ಬಿದ್ದಿದೆ. ಹೋದ ವಾರ ಹಾಸನದ ಹುಡುಗ ಒಬ್ಬ ಹೇಗೋ ಗೊತ್ತಾಗಿ ಫೋನ್ ಮಾಡಿದ್ದ. ಮುಂದಿನ ಎಡಗಡೇದು ಸೋರ್ತಿದೆ, ಕಾಲರ್ ಹಿಡಿದಿದೆ, ಬೇಡ ಮಾರಾಯ ಅಂತ ಅರ್ಧ ಗಂಟೆ ಬಿಡಿಸಿ ಹೇಳಿದೆ. ಎಲ್ಲ ಕೇಳಿಸ್ಕೊಂಡು, "ಹಂಗಾದ್ರೆ ಮಿಕ್ಕ ಮೂರಕ್ಕೆ ಎಷ್ಟು ಅಣ್ಣ?" ಅಂದ.