12 ವಾರಗಳ ‘ದಣಿವು ನಿವಾರಣೆ’ ವ್ಯಾಯಾಮ: 5ಕ್ಕೆ 2 ಅಂಕ

ಎಂಇ ಅಥವಾ ಸಿಎಫ್‌ಎಸ್ ಎಂದು ವೈದ್ಯರು ಕರೆಯುವ ತೀವ್ರ ದಣಿವಿನ ಕಾಯಿಲೆಯಿಂದ ಮೂರು ವರ್ಷಗಳಿಂದ ನರಳುತ್ತಿರುವ ನನ್ನ ಅಕ್ಕನನ್ನು ಹುಬ್ಬಳ್ಳಿಯ ಒಂದು ಫಿಜಿಯೋಥೆರಪಿ ಕೇಂದ್ರಕ್ಕೆ ಸೇರಿಸಿದ್ದೆವು. ಕೇಂದ್ರ ಚೊಕ್ಕಟವಾಗಿದೆ, ಸಿಬ್ಬಂದಿ ‘ಅಕ್ಕಾರ’ ಎಂದೇ ಮಾತನಾಡಿಸುತ್ತಾರೆ, ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಹೋಗಿಬರುವುದೂ ಸುಲಭ.

ನನ್ನ ತಕರಾರು ಅವರ ಕರಪತ್ರದ್ದು. ವಾರವಾರವೂ ವ್ಯಾಯಾಮ ಹೆಚ್ಚಿಸುತ್ತ ಹೋದರೆ ಶೇ. 22 ರೋಗಿಗಳು ಗುಣವಾಗುವುದು ಬ್ರಿಟನ್ನಿನ ಪ್ರಯೋಗದಲ್ಲಿ ಸಾಬೀತಾಗಿದೆ ಎಂದು ಅದರಲ್ಲಿ ಅಚ್ಚಾಗಿದೆ. ಅದು 641 ರೋಗಿಗಳ ಮೇಲೆ ನಡೆದು, 2011ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಮೊದಲ ಫಲಿತಾಂಶ ಪ್ರಕಟಿಸಿದ ‘ಪೇಸ್’ ಪ್ರಯೋಗ. ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತನಾದವನಾದ್ದರಿಂದ ಹುಡುಕಿ ಓದಿದೆ. ದೈಹಿಕ ಸಾಮರ್ಥ್ಯದ ನೂರು ಅಂಕಗಳ ಪ್ರಶ್ನಾವಳಿಯಲ್ಲಿ 65 ಅಥವಾ ಅದಕ್ಕಿಂತ ಕಡಿಮೆ ಬಂದವರನ್ನು ರೋಗಿಗಳೆಂದು ಸೇರಿಸಿಕೊಂಡಿದ್ದರು. ಗುಣವಾಗಲು 85 ಬೇಕೆಂದು ಮೊದಲು ಬರೆದುಕೊಂಡಿದ್ದವರು ಆಮೇಲೆ ಆ ಗೆರೆಯನ್ನು 60ಕ್ಕೆ ಇಳಿಸಿದರು. ಅಂದರೆ 65ರಲ್ಲಿ ಸೇರಿ 60ಕ್ಕೆ ಕುಸಿದವರೂ ಈ ಅಳತೆಯ ಮಟ್ಟಿಗೆ ಗುಣವಾದವರೇ! (ನಮ್ಮ ಎಸ್ಸೆಸ್ಸೆಲ್ಸಿ ಮಂಡಳಿಯೂ ನಾಪಾಸಾದವನ ಅಂಕಕ್ಕಿಂತ ಕೆಳಗೆ ಪಾಸಿನ ಗೆರೆ ಎಳೆದಿಲ್ಲ.) ವ್ಯಾಯಾಮ ಗುಂಪಿನವರು ವರ್ಷದ ಕೊನೆಗೆ ಆರು ನಿಮಿಷದಲ್ಲಿ ನಡೆದದ್ದು ಸರಾಸರಿ 379 ಮೀಟರು, ಗಂಟೆಗೆ ನಾಲ್ಕು ಕಿಲೋಮೀಟರಿಗೂ ಕಡಿಮೆ. ಯಾವ ಚಿಕಿತ್ಸೆ ಸಿಗುತ್ತಿದೆ ಎಂಬುದು ರೋಗಿಗೂ ಚಿಕಿತ್ಸಕನಿಗೂ ಗೊತ್ತಿದ್ದ ಪ್ರಯೋಗದಲ್ಲಿ ಮುಖ್ಯ ಫಲಿತಾಂಶಗಳೆಲ್ಲ ರೋಗಿಯ ಹೇಳಿಕೆಯನ್ನೇ ನೆಚ್ಚಿದ್ದವು. ಚಲನವಲನ ಅಳೆಯುವ ಸಾಧನವನ್ನು ಆರಂಭದಲ್ಲಿ ಕಟ್ಟಿದರೇ ಹೊರತು ಕೊನೆಗೆ ಕಟ್ಟಲಿಲ್ಲ. 2016ರಲ್ಲಿ ನ್ಯಾಯಮಂಡಳಿ ಆದೇಶಿಸಿದ ಮೇಲಷ್ಟೇ ದತ್ತಾಂಶ ಹೊರಬಂತು. 2021ರಲ್ಲಿ, ವೈದ್ಯರಿಗೆ ಚಿಕಿತ್ಸಾ ಸಲಹೆ ಕೊಡುವ ಬ್ರಿಟನ್ನಿನ ‘ನೈಸ್’ ಸಂಸ್ಥೆ, ಈ ಕಾಯಿಲೆಗೆ ಹೀಗೆ ಏರುತ್ತ ಹೋಗುವ ವ್ಯಾಯಾಮ ಕೊಡಬಾರದೆಂದು ತನ್ನ ಮಾರ್ಗಸೂಚಿಯನ್ನೇ ಬದಲಿಸಿತು.

ಕೇಂದ್ರದವರ ಅಳತೆಯೂ ಅದೇ ಜಾಡಿನದು. ವ್ಯಾಯಾಮ ಮುಗಿದ ಕೂಡಲೇ, ತರಬೇತುದಾರರು ಎದುರಿಗೇ ನಿಂತಿರುವಾಗ, ‘ಹೇಗನಿಸುತ್ತಿದೆ’ ಎಂಬ ಹಾಳೆ ತುಂಬಿಸುತ್ತಾರೆ. ಈ ಬೇನೆಯ ಗುಣವೇ ಶ್ರಮದ ಪೆಟ್ಟು ಒಂದೆರಡು ದಿನ ತಡವಾಗಿ ಬೀಳುವುದು. ಐದನೆಯ ವಾರದಲ್ಲಿ ಅಕ್ಕ ‘ಚೆನ್ನಾಗಿದೆ’ ಎಂದು ಸಂಕೋಚದಿಂದ ಗುರುತು ಹಾಕಿ ಬಂದಳು. ಮೂರನೆಯ ದಿನ ಸ್ನಾನಕ್ಕೂ ಏಳಲಾಗದೆ ಮಲಗಿದಳು, ಮತ್ತೆ ಅಲ್ಲಿಗೆ ಹೋಗಲಿಲ್ಲ. ಅವರ ಕಡತದಲ್ಲಿ ಉಳಿದಿರುವ ಅವಳ ಕೊನೆಯ ದಾಖಲೆ ಮಾತ್ರ ಆ ‘ಚೆನ್ನಾಗಿದೆ’.

ಮೊಣಕಾಲು, ಸೊಂಟದ ನೋವಿಗೆ ಇಲ್ಲಿಗೆ ಹೋಗುವವರನ್ನು ನಾನು ತಡೆಯುವುದಿಲ್ಲ. ಉಳಿದ ವಾರಗಳ ಹಣವನ್ನು ಎರಡನೆಯ ಮಾತಿಲ್ಲದೆ ಮರಳಿಸಿದರು. ಕೊಟ್ಟ ಎರಡು ಅಂಕಗಳಲ್ಲಿ ಒಂದು ಅದಕ್ಕೆ. ಹಣ ತರಲು ಹೋದ ದಿನವೂ ಆ ಕರಪತ್ರ ಹಾಗೆಯೇ ಹಂಚಿಕೆಯಾಗುತ್ತಿತ್ತು.