10 ಕಪ್ಪೆಗೆ 15 ಡಾಲರ್: ಈ ತಪ್ಪು ನೀವು ಮಾಡಬೇಡಿ

ಬಲಗೈ ಹೆಬ್ಬೆರಳಿನ ಬುಡಕ್ಕೆ ಇನ್ನೂ ಪಟ್ಟಿ ಕಟ್ಟಿದೆ. ಎಡಗೈಯಲ್ಲಿ ಟೈಪ್ ಮಾಡುತ್ತಿದ್ದೇನೆ, ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ಅಮೆರಿಕದಲ್ಲಿ ಬಾಸ್ ಮೀನಿಗೆ ರಬ್ಬರ್ ಕಪ್ಪೆ ಎಸೆಯುವ ಹುಚ್ಚು ಹಿಡಿದಿರುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಊರಿನ ಕೆರೆಯಲ್ಲಿ ಕೊರವ ಮೀನಿಗೆ ಇದೇ ಕಪ್ಪೆ ಎಸೆಯುವವರೂ ಓದಬಹುದು.

ನಾನಿರುವುದು ಅಲಬಾಮದ ಹಂಟ್ಸ್‌ವಿಲ್‌ನಲ್ಲಿ. ಸುಮಾರು ಒಂದು ಗಂಟೆ ಕಾರು ಓಡಿಸಿದರೆ ಗಂಟರ್ಸ್‌ವಿಲ್ ಸರೋವರ. ಟೆನೆಸೀ ನದಿಗೆ 1939ರಲ್ಲಿ ಅಣೆಕಟ್ಟು ಕಟ್ಟಿ ಆದದ್ದು, ಸುಮಾರು 69,000 ಎಕರೆ ನೀರು. ಬೇಸಿಗೆ ಮುಗಿಯುವ ಹೊತ್ತಿಗೆ ಅಲ್ಲಿನ ಕೊಲ್ಲಿಗಳ ಮೇಲೆಲ್ಲ ಕಳೆ ಹಾಸು ಬಿದ್ದಿರುತ್ತದೆ. ಅದರಲ್ಲಿ ಹೈಡ್ರಿಲ್ಲಾ ಕೂಡ ಇದೆ. ಹೌದು, ಪಿಯುಸಿ ಲ್ಯಾಬ್‌ನಲ್ಲಿ ಬೀಕರ್ ಒಳಗೆ ಫನಲ್ ಕವುಚಿ, ಗುಳ್ಳೆ ಎಣಿಸುತ್ತಾ ಕೂತಿದ್ದೆವಲ್ಲ, ಅದೇ ಗಿಡ. ನಮ್ಮ ಕಡೆಯದು ಇಲ್ಲಿಗೆ ಬಂದು ಇವರಿಗೆ ತಲೆನೋವಾಗಿದೆ. ಮೀನು ಹಿಡಿಯುವವರಿಗೆ ಮಾತ್ರ ಹಬ್ಬ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಆ ಹಾಸಿನ ಕೆಳಗೆ ನೆರಳಿಗೆ ದೊಡ್ಡ ಬಾಸ್ ಕೂತಿರುತ್ತದೆ. ಮೇಲೆ ಕಪ್ಪೆ ಹೋದರೆ ಹಾಸನ್ನೇ ಹರಿದುಕೊಂಡು ಬರುತ್ತದೆ. ಆ ಸದ್ದು ಒಂದು ಸಲ ಕೇಳಿದರೆ ಮುಗಿಯಿತು, ಶನಿವಾರಗಳೆಲ್ಲ ಅದಕ್ಕೇ.

ಗೊತ್ತಿಲ್ಲದವರಿಗೆ ಎರಡು ಮಾತು. ಕಪ್ಪೆ ಲೂರ್‌ನಲ್ಲಿ, ಅಂದರೆ ಮೀನಿಗೆ ಒಡ್ಡುವ ನಕಲಿ ಕಪ್ಪೆಯಲ್ಲಿ, ಎರಡು ಜಾತಿ ಇದೆ. ಟೊಳ್ಳು ಕಪ್ಪೆಯ ಮೈ ಚೀಲದ ಹಾಗೆ, ಒಳಗೆ ಬರೀ ಗಾಳಿ. ಜೋಡಿ ಕೊಕ್ಕೆ ಹಿಂಬದಿಯಿಂದ ಹೊರಬಂದು, ಬೆನ್ನಿನ ಎರಡು ಪಕ್ಕಕ್ಕೆ ಒತ್ತಿಕೊಂಡು ಮೇಲ್ಮುಖವಾಗಿ ಕೂತಿರುತ್ತದೆ. ಅದಕ್ಕೇ ಕಳೆಗೆ ಸಿಕ್ಕಿಕೊಳ್ಳುವುದಿಲ್ಲ. ಎಳೆಯುವುದು ನಿಲ್ಲಿಸಿದರೂ ತೇಲುತ್ತಿರುತ್ತದೆ. ಮೀನು ಕಚ್ಚಿದಾಗ ಮೈ ಅಪ್ಪಚ್ಚಿಯಾಗಿ ಕೊಕ್ಕೆ ಹೊರಗೆ ಕಾಣುತ್ತದೆ. ಗಟ್ಟಿ ಕಪ್ಪೆ ಇಡಿಯಾಗಿ ಮೆತ್ತನೆ ಪ್ಲಾಸ್ಟಿಕ್, ಕೊಕ್ಕೆ ನಾವೇ ಹಾಕಿಕೊಳ್ಳಬೇಕು. ಎಳೆಯುತ್ತಿದ್ದರೆ ಹಿಂಗಾಲು ಪಟಪಟ ಅಂತ ನೀರು ಬಡಿಯುತ್ತದೆ. ನಿಲ್ಲಿಸಿದರೆ ಹೆಚ್ಚಿನವು ಮುಳುಗುತ್ತವೆ.

ಇಷ್ಟು ನನಗೂ ಗೊತ್ತಿತ್ತು. ಆದರೂ ಕೆಟ್ಟೆ.

ಮಂಡ್ಯದಿಂದ ಅಪ್ಪ ಬಂದಿದ್ದರು. ಚಿಕ್ಕಂದಿನಲ್ಲಿ ಊರ ಕೆರೆಯಲ್ಲಿ ಗಾಳಕ್ಕೆ ಜೀವಂತ ಕಪ್ಪೆಮರಿ ಸಿಕ್ಕಿಸಿ ಕೊರವ ಹಿಡಿದವರು. ಅವರಿಗೆ ಇಲ್ಲಿನ ಮಜಾ ತೋರಿಸಬೇಕು ಅಂತ ನನ್ನ ಆಸೆ. ಅಂಗಡಿಯಲ್ಲಿ ಒಳ್ಳೆಯ ಟೊಳ್ಳು ಕಪ್ಪೆ ಒಂದಕ್ಕೇ 10, 12 ಡಾಲರ್. ಆನ್‌ಲೈನ್‌ನಲ್ಲಿ 10 ಕಪ್ಪೆಗೆ 15 ಡಾಲರ್ ಅಂತ ಕಂಡಿತು. ಜೊತೆಗೆ 5 ಗಟ್ಟಿ ಕಪ್ಪೆಯ ಒಂದು ಪ್ಯಾಕೆಟ್. ಕಾರ್ಟ್‌ಗೆ ಹಾಕಿದೆ. ಎಲ್ಲವನ್ನೂ ಒಂದೇ ಡಬ್ಬಿಗೆ ತುಂಬಿ ಕಾರಿನ ಡಿಕ್ಕಿಯಲ್ಲಿ ಒಂದು ವಾರ ಬಿಟ್ಟೆ. ಮೊದಲನೇ ತಪ್ಪು ಅಲ್ಲೇ ಆಗಿತ್ತು. ಬಿಸಿಲಿಗೆ ಗಟ್ಟಿ ಕಪ್ಪೆಗಳ ಎಣ್ಣೆ ಬಿಟ್ಟುಕೊಂಡು, ಡಬ್ಬಿಯ ತಳ ಅಂಟಂಟಾಗಿ, ಬಿಳಿ ಕಪ್ಪೆಯ ಹೊಟ್ಟೆಗೆ ಪಕ್ಕದ್ದರ ಹಸಿರು ಹತ್ತಿತ್ತು. ಮೆತ್ತನೆ ಪ್ಲಾಸ್ಟಿಕ್ ಬಂದ ಕವರ್‌ನಲ್ಲೇ ಇರಲಿ, ಬೇರೆ ಯಾವುದರ ಜೊತೆಗೂ ಸೇರಿಸಬೇಡಿ.

ಶನಿವಾರ ಬೆಳಗ್ಗೆ ನನ್ನ ಆಫೀಸಿನ ಗೆಳೆಯನ ಚಿಕ್ಕ ದೋಣಿಯಲ್ಲಿ ಹೊರಟೆವು. ಅಪ್ಪನಿಗೂ ಲೈಸೆನ್ಸ್ ಮಾಡಿಸಿದ್ದೆ. ನೋಡಲು ಬಂದವರು ಒಂದೇ ಒಂದು ಸಲ ರಾಡ್ ಹಿಡಿದರೂ ಲೈಸೆನ್ಸ್ ಬೇಕು, ಅದನ್ನು ಮರೆಯಬೇಡಿ.

ಮೊದಲು ಎಸೆದದ್ದು ಗಟ್ಟಿ ಕಪ್ಪೆ. ಅಗ್ಗ, ಕಳೆದುಹೋದರೂ ಬೇಜಾರಿಲ್ಲ ಅಂತ. ಎದುರಿಗಿದ್ದದ್ದು ಕೋಳಿ ಓಡಾಡಬಹುದಾದಷ್ಟು ದಪ್ಪ ಹಾಸು. ಎಸೆದೆ, ಎಳೆದೆ. ಕಪ್ಪೆ ಮೂಗು ತಗ್ಗಿಸಿ ಕಳೆಯೊಳಗೆ ನುಗ್ಗಿತು. ಹಿಂಗಾಲು ಬಡಿಯಲು ನೀರೇ ಇಲ್ಲ, ಕಾಲಿಗೆ ಬರೀ ನಾರು ಸುತ್ತಿಕೊಂಡಿತು. ಹಾಸಿನಲ್ಲಿ ತೂತು ಕಂಡಲ್ಲಿ ನಿಲ್ಲಿಸಿದರೆ ಗುಳುಂ ಅಂತ ಮುಳುಗಿ ಕಾಂಡಕ್ಕೆ ಸಿಕ್ಕಿತು. ನಾನು ಹಾಕಿದ್ದು 15 ಪೌಂಡ್ ಭಾರ ತಡೆಯುವ ಫ್ಲೋರೋಕಾರ್ಬನ್ ಲೈನ್ (ಗಾಳದ ದಾರ), ಅದೂ ನೀರಲ್ಲಿ ಮುಳುಗುವ ಜಾತಿ. ಪ್ರತಿ ಸಲ ಒಂದು ಹೊರೆ ಸೊಪ್ಪು ಬಂತು. ಒಂದು ಗಂಟೆ ಹೀಗೇ ಹೋಯಿತು. ಅಪ್ಪ ಸುಮ್ಮನೆ ನೋಡುತ್ತಿದ್ದವರು, "ಯಾಕ್ಲಾ ಮಗ, ಮೇವು ಕುಯ್ಯಕ್ ಬಂದಿದ್ದೀಯಾ?" ಎಂದರು.

ಗಟ್ಟಿ ಕಪ್ಪೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಇದನ್ನು ದಯವಿಟ್ಟು ಗಮನಿಸಿ. ಅದರ ಜಾಗ ಬೇರೆ. ಕಳೆ ನೀರಿನ ಮಟ್ಟಕ್ಕಿಂತ ಒಂದು ಗೇಣು ಕೆಳಗಿದ್ದರೆ, ಹುಲ್ಲು ಅಲ್ಲೊಂದು ಇಲ್ಲೊಂದು ಇದ್ದರೆ, ತಾವರೆ ಎಲೆಗಳ ನಡುವೆ ನೀರು ಕಾಣುತ್ತಿದ್ದರೆ, ಆಗ ಅದೇ ಮೇಲು. ನಿಲ್ಲಿಸದೆ ಒಂದೇ ಸಮ ಎಳೆಯಿರಿ, ಕಡಿಮೆ ಹೊತ್ತಿನಲ್ಲಿ ಬಹಳ ನೀರು ಹುಡುಕಬಹುದು. 4/0 ಅಥವಾ 5/0 ಅಳತೆಯ ಅಗಲ ಬಾಯಿಯ ದಪ್ಪ ಕೊಕ್ಕೆ ಹಾಕಿ, ಮೊನೆಯನ್ನು ಬೆನ್ನಿನ ಚರ್ಮದಲ್ಲಿ ಒಂಚೂರು ಮುಚ್ಚಿಡಿ. ನಾಲ್ಕೈದು ಮೀನಿಗೆ ಹರಿದುಹೋಗುತ್ತದೆ, ಹೋಗಲಿ.

ಗೆಳೆಯನಿಗೆ ನನ್ನ ಮೇಲೆ ಕನಿಕರ ಬಂದು ತನ್ನ ಇನ್ನೊಂದು ರಾಡ್ ಕೊಟ್ಟ. ಏಳೂಕಾಲು ಅಡಿ ಉದ್ದದ ಬಿರುಸು ರಾಡ್, 65 ಪೌಂಡ್ ಬ್ರೇಡ್, ಅಂದರೆ ಹೆಣೆದ ಲೈನ್. ದಪ್ಪ ಕಳೆ ಹಾಸಿನ ಮೇಲೆ ಇದೇ ಸರಿ. ಬ್ರೇಡ್ ತೇಲುತ್ತದೆ, ಹಿಗ್ಗುವುದಿಲ್ಲ, ಕಳೆಯನ್ನು ಕೊಯ್ದುಕೊಂಡು ಬರುತ್ತದೆ. ಅದಕ್ಕೆ ನನ್ನ ಒಂದೂವರೆ ಡಾಲರ್‌ನ ಟೊಳ್ಳು ಕಪ್ಪೆ ಕಟ್ಟಿದೆ. ಅವನ ಡಬ್ಬಿಯಲ್ಲಿ ಒಳ್ಳೆಯದಿತ್ತು, ಕೇಳಲು ನಾಚಿಕೆ.

ಮೂರನೇ ಎಸೆತಕ್ಕೇ ಹಾಸು ಸಿಡಿಯಿತು. ಮೀನು ಕಪ್ಪೆಯನ್ನು ಬಾಯಿಗೆ ತೆಗೆದುಕೊಂಡದ್ದು ಕಣ್ಣಾರೆ ಕಂಡೆ. ಒಂದು ಉಸಿರು ತಡೆದು, ರಾಡ್ ತಗ್ಗಿಸಿ, ಸಡಿಲವಾದ ಲೈನ್ ಸುತ್ತಿಕೊಂಡು ಜಗ್ಗಿದೆ. ಕಪ್ಪೆ ಖಾಲಿ ಬಂತು. ಮತ್ತೆ ಎಸೆದೆ, ಮತ್ತೆ ಸಿಡಿಯಿತು, ಮತ್ತೆ ಖಾಲಿ. ಹೀಗೆ ಐದು ಮೀನು. ನಾನು ಬೇಗ ಎಳೆಯುತ್ತಿದ್ದೇನೆ ಅಂತ ಗೆಳೆಯ ಅಂದುಕೊಂಡ. ಆಗ ಅಪ್ಪ ಕಪ್ಪೆಯನ್ನು ಕೈಗೆ ತೆಗೆದುಕೊಂಡು ಎರಡು ಬೆರಳಲ್ಲಿ ಹಿಸುಕಿ ನೋಡಿದರು. "ಇದು ಕಪ್ಪೆ ಅಲ್ಲ ಕಣ್ಲಾ, ಚಪ್ಲಿ ಅಟ್ಟೆ."

ಅಷ್ಟೇ ವಿಷಯ. ಪ್ಲಾಸ್ಟಿಕ್ ಅಷ್ಟು ಬಿರುಸು. ಮೀನು ಎಷ್ಟು ಕಚ್ಚಿದರೂ ಮೈ ಒತ್ತಿಕೊಳ್ಳುತ್ತಿರಲಿಲ್ಲ, ಕೊಕ್ಕೆ ಬೆನ್ನ ಮರೆಯಲ್ಲೇ ಉಳಿಯುತ್ತಿತ್ತು. ಅಂಗಡಿಯಲ್ಲಿ ಮೊದಲು ಮಾಡಬೇಕಾದದ್ದು ಈ ಹಿಸುಕುವ ಪರೀಕ್ಷೆಯೇ. ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತಿ. ಮಾಗಿದ ಬಾಳೆಹಣ್ಣಿನ ಹಾಗೆ ಬಗ್ಗಿ ಎರಡೂ ಮೊನೆ ತಕ್ಷಣ ಹೊರಗೆ ಕಾಣಬೇಕು. ಆನ್‌ಲೈನ್‌ನಲ್ಲಿ ಹಿಸುಕಲು ಆಗುವುದಿಲ್ಲ, ಅಲ್ವಾ?

ಬಿಸಿನೀರಲ್ಲಿ ಅದ್ದಿದರೆ ಸ್ವಲ್ಪ ಮೆತ್ತಗಾಗುತ್ತದೆ ಎಂದು ಗೆಳೆಯ ಹೇಳಿದ. ಫ್ಲಾಸ್ಕ್‌ನಲ್ಲಿ ಕಾಫಿ ಇತ್ತು. ಹೌದು, ಕಾಫಿಯಲ್ಲೇ ಅದ್ದಿದೆ. ಆರನೆಯದು ಕೊನೆಗೂ ಸಿಕ್ಕಿತು. ದೋಣಿಯ ಪಕ್ಕದವರೆಗೆ ಬಂತು. ಏಳು ಪೌಂಡ್ ಇರಬಹುದು, ಹಿಡಿಯದ ಮೀನಿನ ತೂಕ ಯಾರಾದರೂ ಜಾಸ್ತಿಯೇ ಹೇಳುತ್ತಾರೆ, ಐದು ಅಂತಲೇ ಇಟ್ಟುಕೊಳ್ಳಿ. ತಲೆ ಒಂದು ಸಲ ಒದರಿತು, ಹೋಯಿತು. ಕೊಕ್ಕೆ ನೋಡಿದರೆ ಒಂದು ಮೊನೆ ಹೇರ್‌ಪಿನ್ ಥರ ಬಿಚ್ಚಿಕೊಂಡಿದೆ. ಗಟ್ಟಿ ಲೈನ್, ಬಿರುಸು ರಾಡ್, ನಡುವೆ ಎಲ್ಲಕ್ಕಿಂತ ದುರ್ಬಲವಾದದ್ದು ಆ ತಂತಿ. ಹಿಗ್ಗುವ ಲೈನ್ ಇದ್ದಿದ್ದರೆ ಅದು ಅಷ್ಟಿಷ್ಟು ತಡೆದುಕೊಳ್ಳುತ್ತಿತ್ತೇನೋ. ಬ್ರೇಡ್‌ನಲ್ಲಿ ಎಲ್ಲ ಭಾರವೂ ನೇರ ಕೊಕ್ಕೆಗೇ.

ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಇಕ್ಕಳದಲ್ಲಿ ಕೊಕ್ಕೆ ಬಗ್ಗಿಸಿ ಮತ್ತೆ ಎಸೆದೆ. ಒಮ್ಮೆ ಬಿಚ್ಚಿದ ಕೊಕ್ಕೆಯನ್ನು ಮತ್ತೆ ನಂಬಬೇಡಿ, ಬಿಸಾಡಿ. ಈ ಸಲ ಹತ್ತಿರದಲ್ಲೇ ಸಿಡಿಯಿತು, ಹತ್ತು ಹನ್ನೆರಡು ಅಡಿ ದೂರದಲ್ಲಿ. ಸಿಟ್ಟಿನಲ್ಲಿ ಉಸಿರು ತಡೆಯುವುದೆಲ್ಲ ಮರೆತು ಜೋರಾಗಿ ಜಗ್ಗಿದೆ. ಮೀನಿನ ಬಾಯಲ್ಲಿ ಕಪ್ಪೆ ಇರಲಿಲ್ಲ. ಹಿಗ್ಗದ ಲೈನ್ ಅದನ್ನು ಕವಣೆ ಕಲ್ಲಿನ ಹಾಗೆ ನನ್ನ ಕಡೆಗೇ ತಂದಿತು. ಮುಖಕ್ಕೆ ಕೈ ಅಡ್ಡ ಹಿಡಿದೆ. ಕೊಕ್ಕೆ ಹೆಬ್ಬೆರಳಿನ ಬುಡದ ಮಾಂಸದಲ್ಲಿ ಹಿಮ್ಮುಳ್ಳಿನ ಸಮೇತ ಇಳಿಯಿತು.

ಕೈ ಅಡ್ಡ ಬರದಿದ್ದರೆ ಎಲ್ಲಿಗೆ ಬೀಳುತ್ತಿತ್ತು ಅಂತ ನಾನು ಬರೆಯುವುದಿಲ್ಲ. ಅವತ್ತು ಕನ್ನಡಕ ಹಾಕಿರಲಿಲ್ಲ, ಕಾರಿನಲ್ಲೇ ಇತ್ತು. ಕಪ್ಪೆ ಎಸೆಯುವಾಗ ದೋಣಿಯಲ್ಲಿರುವ ಎಲ್ಲರಿಗೂ ಕನ್ನಡಕ ಇರಲಿ. ಕಪ್ಪೆ ಹತ್ತಿರ ಇದ್ದಾಗ ನೆಟ್ಟಗೆ ಮುಖದ ಕಡೆಗೆ ಎಳೆಯಬೇಡಿ, ರಾಡನ್ನು ಪಕ್ಕಕ್ಕೆ ಬೀಸಿ. ಮೀನಿನ ಭಾರ ಕೈಗೆ ತಾಗಿದ ಮೇಲೇ ಜಗ್ಗಿ, ಸದ್ದು ಕೇಳಿ ಜಗ್ಗಬೇಡಿ.

ಅಪ್ಪ ಎಳೆದು ತೆಗೆಯಲು ಬಂದರು, ಗೆಳೆಯ ತಡೆದ. ಒಳ್ಳೆಯದೇ ಆಯಿತು, ಜೋಡಿ ಕೊಕ್ಕೆ, ಇನ್ನೊಂದು ಮೊನೆ ಅವರ ಕೈಗೂ ನೆಡುತ್ತಿತ್ತು. ಕ್ಲಿನಿಕ್‌ನಲ್ಲಿ ಮೊದಲು ಕಪ್ಪೆಯ ಮೈ ಕತ್ತರಿಸಿದರು. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಮೊನೆಯನ್ನು ಮುಂದಕ್ಕೇ ತಳ್ಳಿ ಚರ್ಮದ ಹೊರಗೆ ತಂದು, ಹಿಮ್ಮುಳ್ಳು ಕತ್ತರಿಸಿ, ಆಮೇಲೆ ಹಿಂದಕ್ಕೆ ತೆಗೆದರು. ಟೆಟನಸ್ ಚುಚ್ಚುಮದ್ದು ಬೇರೆ. ಇನ್ಶೂರೆನ್ಸ್‌ನ ಈ ವರ್ಷದ ಕೈಯಿಂದ ಕಟ್ಟುವ ಪಾಲು ಇನ್ನೂ ಮುಗಿದಿರಲಿಲ್ಲ, 310 ಡಾಲರ್ ನನ್ನದೇ. ಅದರಲ್ಲಿ ಒಳ್ಳೆಯ ಕಪ್ಪೆ ಎಷ್ಟು ಬರುತ್ತಿತ್ತು ಎಂದು ಹೆಂಡತಿ ದಾರಿಯಲ್ಲೇ ಫೋನಿನಲ್ಲಿ ಲೆಕ್ಕ ಹಾಕಿ ಹೇಳಿದಳು.

ವಾಪಸ್ ಬರುವಾಗ ಅಪ್ಪ, ಇಲ್ಲಿ ಕೊರವ ಮೀನು ಇಲ್ಲವಾ ಎಂದು ಕೇಳಿದರು. ಆ ಜಾತಿಯ ಮೀನನ್ನು ಜೀವಂತ ಈ ದೇಶಕ್ಕೆ ತರುವುದನ್ನೇ 2002ರಲ್ಲಿ ನಿಷೇಧಿಸಿದ್ದಾರೆ ಎಂದೆ. ಇಲ್ಲಿನ ಮೀನುಗಳನ್ನು ತಿಂದು ಮುಗಿಸುತ್ತದೆ ಎಂಬ ಭಯ. ಅಪ್ಪನಿಗೆ ಅದೇನೋ ಹೆಮ್ಮೆಯಾದ ಹಾಗಿತ್ತು.

ಇನ್ನೊಂದು ವಿಷಯ ಉಳಿಯಿತು. ಟೊಳ್ಳು ಕಪ್ಪೆಯ ಮೂಗಿನ ಹತ್ತಿರ, ಕೊಕ್ಕೆ ಹೊರಬರುವ ಜಾಗದಲ್ಲಿ ಸಂದು ಇರುತ್ತದೆ. ಸ್ವಲ್ಪ ನೀರು ಎಲ್ಲದಕ್ಕೂ ಹೋಗುತ್ತದೆ, ಆಗಾಗ ಹಿಸುಕಿ ತೆಗೆಯಬೇಕು. ಆದರೆ ಎರಡು ಎಸೆತಕ್ಕೇ ತುಂಬಿಕೊಂಡು ಹಿಂಭಾಗ ಇಳಿಬಿದ್ದರೆ ಅದು ಕೆಲಸಕ್ಕೆ ಬಾರದು. ಕೊಂಡದ್ದನ್ನು ಕೆರೆಗೆ ಒಯ್ಯುವ ಮೊದಲು ಮನೆಯಲ್ಲೇ ನೋಡಿ. ಉಳಿದ ಒಂಬತ್ತನ್ನು ನಾನು ಅವತ್ತು ರಾತ್ರಿ ಬಕೆಟ್ ನೀರಿಗೆ ಹಾಕಿಟ್ಟೆ. ಬೆಳಗ್ಗೆ ಆರು ತಳದಲ್ಲಿದ್ದವು. ಅಪ್ಪ ಕಾಫಿ ಲೋಟ ಹಿಡಿದುಕೊಂಡು ಬಗ್ಗಿ ನೋಡಿದರು.

"ಇವು ಟೊಳ್ಳೋ ಗಟ್ಟಿಯೋ?"