ಸೇಫ್ಟಿ ಟಿಪ್ಸ್: ಜಪಾನಿಗೆ ಹೊರಟವರ ಫೋನಿನಲ್ಲಿ ಇರಲೇಬೇಕಾದ ಆ್ಯಪ್

ನಮ್ಮ ಮಗಳು ಜಪಾನಿನ ಕನಜಾವಾ ನಗರದಲ್ಲಿ ನೌಕರಿಯಲ್ಲಿದ್ದಾಳೆ. 2024ರ ಜನವರಿ 1ರಂದು ಸಮೀಪದ ನೊಟೊ ಪರ್ಯಾಯ ದ್ವೀಪದಲ್ಲಿ 7.6 ತೀವ್ರತೆಯ ಭೂಕಂಪವಾದಾಗ ಅಲ್ಲಿ ಸಂಜೆ 4 ಗಂಟೆ 10 ನಿಮಿಷ. ಇಲ್ಲಿ ಜಯನಗರದ ಮನೆಯಲ್ಲಿ ನಾವು ಊಟಕ್ಕೆ ಕೂರುವ ಹೊತ್ತು. ಆ ದಿನ ಅವಳಿಗೆ ಒದಗಿಬಂದ ಸೇಫ್ಟಿ ಟಿಪ್ಸ್ ಆ್ಯಪ್ ಬಗ್ಗೆ, ಮಕ್ಕಳನ್ನು ಅಲ್ಲಿಗೆ ಕಳುಹಿಸುವ ಬೆಂಗಳೂರಿನ ತಂದೆ ತಾಯಿಯರಿಗಾಗಿ ಬರೆಯುತ್ತಿದ್ದೇನೆ.

ಜಪಾನಿನ ಪ್ರವಾಸೋದ್ಯಮ ಇಲಾಖೆಯ ಮೇಲ್ವಿಚಾರಣೆಯಲ್ಲಿರುವ ಈ ಉಚಿತ ಆ್ಯಪ್ ಭೂಕಂಪ, ಸುನಾಮಿ ಮತ್ತು ಭಾರಿ ಮಳೆಯ ಎಚ್ಚರಿಕೆಗಳನ್ನು ಇಂಗ್ಲಿಷ್, ನೇಪಾಳಿ, ವಿಯೆಟ್ನಾಮಿ ಮುಂತಾದ ಹಲವು ಭಾಷೆಗಳಲ್ಲಿ ಕೊಡುತ್ತದೆ. ಬೀದಿಯ ಧ್ವನಿವರ್ಧಕ ಜಪಾನಿ ಭಾಷೆಯಲ್ಲಿ ಕೂಗುತ್ತಿದ್ದುದರಲ್ಲಿ ಮಗಳಿಗೆ ಅರ್ಥವಾದದ್ದು ‘ಸುನಾಮಿ’ ಎಂಬ ಒಂದೇ ಪದ. ‘ಹಿನಾನ್’ ಎಂದರೆ ಸುರಕ್ಷಿತ ಸ್ಥಳಕ್ಕೆ ಹೋಗುವುದು, ‘ತಕಾದೈ’ ಎಂದರೆ ಎತ್ತರದ ಜಾಗ ಎಂದು ಅವಳ ಜಪಾನಿ ಭಾಷೆಯ ತರಗತಿಯಲ್ಲಿ ಇನ್ನೂ ಕಲಿಸಿರಲಿಲ್ಲ. ಫೋನಿನಲ್ಲಿ ಬಂದ ಇಂಗ್ಲಿಷ್ ಎಚ್ಚರಿಕೆಯನ್ನು ಓದಿಯೇ ಅವಳು ಗುಡ್ಡದ ಕಡೆಗೆ ಹೊರಟಳು. ಅಲ್ಲಿನವರಿಗೆ ತೋರಿಸಿ ಸಹಾಯ ಕೇಳಲು ಸಿದ್ಧವಾಕ್ಯಗಳ ಕಾರ್ಡುಗಳೂ ಇದರಲ್ಲಿವೆ, ಮಾತು ಬಾರದವರಿಗೆ ಇದು ದೊಡ್ಡ ಆಸರೆ. ಆದರೆ ಕನ್ನಡವಿಲ್ಲ, ಹಿಂದಿಯೂ ಇಲ್ಲ. ಐಟಿ ನೌಕರರಿಗೆ ಇದು ಕೊರತೆಯೆನಿಸದಿರಬಹುದು. ಬಾಣಂತನಕ್ಕೆಂದು ಹೋಗಿ ಹಗಲೆಲ್ಲ ಮಗುವಿನೊಡನೆ ಒಬ್ಬರೇ ಇರುವ, ಕನ್ನಡವನ್ನಷ್ಟೇ ಓದಬಲ್ಲ ತಾಯಂದಿರಿಗೆ ಮಾತ್ರ ಇದು ನಿಜಕ್ಕೂ ಕಷ್ಟ.

1995ರ ಕೋಬೆ ಭೂಕಂಪದಲ್ಲಿ ಜಪಾನಿಯೂ ಇಂಗ್ಲಿಷೂ ತಿಳಿಯದ ವಿದೇಶಿಯರು ಮಾಹಿತಿಯಿಲ್ಲದೆ ಪಟ್ಟ ಪಾಡಿನಿಂದಲೇ ‘ಯಾಸಾಶಿ ನಿಹೊಂಗೊ’, ಅಂದರೆ ಸರಳ ಜಪಾನಿ ಭಾಷೆಯ ಬಳಕೆ ಬೆಳೆಯಿತು. ಆದರೂ ಮಗಳು ರಾತ್ರಿ ಕಳೆದ ಶಾಲೆಯ ಆಶ್ರಯ ಕೇಂದ್ರದಲ್ಲಿ ಗೋಡೆಗೆ ಅಂಟಿಸಿದ್ದ ಸೂಚನೆಗಳೆಲ್ಲ ಕಠಿಣವಾದ ‘ಕಾಂಜಿ’, ಅಂದರೆ ಚೀನಾ ಮೂಲದ ಅಕ್ಷರಗಳ ಲಿಪಿಯಲ್ಲಿದ್ದವು. ಹಂಚಿದ ನೂಡಲ್ಸಿನ ಸಾರಿನಲ್ಲಿ ಮೀನು ಇದ್ದುದರಿಂದ, ಸಸ್ಯಾಹಾರಿಯಾದ ಅವಳು ಬರಿಯ ಉಪ್ಪು ಹಚ್ಚಿದ ಅನ್ನದ ಉಂಡೆ ತಿಂದಳು. ‘ಮೀನು, ಮಾಂಸ ತಿನ್ನುವುದಿಲ್ಲ’ ಎಂದು ಜಪಾನಿಯಲ್ಲಿ ಬರೆಸಿದ ಚೀಟಿಯೊಂದನ್ನು ಪಾಸ್‌ಪೋರ್ಟಿನ ಜೊತೆಯಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು.

ಅನಂತರದ ವಾರಗಳಲ್ಲಿ ಎದುರಾಗುವ ಕಾಗದಪತ್ರದ ಕೆಲಸಕ್ಕೆ ಎಚ್ಚರಿಕೆಯ ಆ್ಯಪ್ ಒಂದೇ ಸಾಲದು. ಮನೆಗೆ ಹಾನಿಯಾದವರು ನಗರಾಡಳಿತದಿಂದ ‘ರಿಸೈ ಶೋಮೇಶೋ’ ಎಂಬ ಹಾನಿ ಪ್ರಮಾಣಪತ್ರ ಪಡೆಯಬೇಕು. ಪರಿಹಾರಧನ, ತೆರಿಗೆ ರಿಯಾಯಿತಿ ಮುಂತಾದವುಗಳಿಗೆ ಅದೇ ಆಧಾರ. ಮಗಳ ಸಹೋದ್ಯೋಗಿಯೊಬ್ಬರು ಇದು ತಿಳಿಯದೆ, ಹಾನಿಯ ಸಾಕ್ಷಿಗೆ ಬೇಕಾದ ಫೋಟೊ ತೆಗೆಯುವ ಮೊದಲೇ ಬಿರುಕುಬಿಟ್ಟ ಗೋಡೆಗೆ ಗಾರೆ ಮಾಡಿಸಿದ್ದರು. ವಿದೇಶಿಯರಿಗೆ ಇದನ್ನು ಮೊದಲೇ ತಿಳಿಸಿ ಹೇಳುವ ಸೇವೆಯೊಂದು ಇಂತಹ ಆ್ಯಪಿನೊಳಗೇ ಇರಬೇಕೆಂಬುದು ನನ್ನ ಕಳಕಳಿಯ ಕೋರಿಕೆ.

ಇದರ ಜೊತೆಗೆ ‘ವೆಬ್ 171’ ಎಂಬ ಅಂತರ್ಜಾಲದ ವಿಪತ್ತು ಸಂದೇಶ ಫಲಕವನ್ನೂ ಕಲಿತುಕೊಳ್ಳಿ. ಫೋನ್ ನಂಬರಿನ ಆಧಾರದಲ್ಲಿ ಅಲ್ಲಿರುವವರು ಬಿಟ್ಟ ಸಂದೇಶವನ್ನು ಇಲ್ಲಿಂದಲೇ ಓದಬಹುದು, ಮತ್ತು ಪ್ರತಿ ತಿಂಗಳ 1 ಹಾಗೂ 15ರಂದು ಅದನ್ನು ಅಭ್ಯಾಸಕ್ಕೆಂದು ತೆರೆದಿಡುತ್ತಾರೆ. ನನ್ನ ತಂಗಿಯ ಮಗ ಮುಂದಿನ ತಿಂಗಳು ಒಸಾಕಾಕ್ಕೆ ಹೊರಟಿದ್ದಾನೆ. ಅವನ ಫೋನಿಗೆ ಆ್ಯಪ್ ಹಾಕಿಸಿಯಾಯಿತು, ಅಲ್ಲಿಗೆ ಹೋದ ಮೇಲಿನ ಮೊದಲ 15ನೇ ತಾರೀಕು ಸಂದೇಶ ಬಿಡುತ್ತೇನೆಂದು ಒಪ್ಪಿಕೊಂಡಿದ್ದಾನೆ.